ಹುಕ್ಕೇರಿಗೆ ಕೊಟ್ಟ ಸುಳ್ಳು ಐದು

ಹುಕ್ಕೇರಿ ಕಚೇರಿಯ ಕಂಪ್ಯೂಟರಿನಲ್ಲಿ ನಮ್ಮ ಸಾಫ್ಟ್‌ವೇರಿನ ಏಳು ಪ್ರತಿಗಳು ಸಿಕ್ಕವು. ಅವುಗಳ ಹೆಸರುಗಳು ಹೀಗಿದ್ದವು: ಫೈನಲ್, ಫೈನಲ್ ಹೊಸದು, ಫೈನಲ್ ಖರೆ, ಸಾಹೇಬರದು, ಸಾಹೇಬರದು ಎರಡು, ಮುಟ್ಟಬ್ಯಾಡ್ರಿ, ಕೊನೆಗೆ ಬರೀ ‘ಐದು’. ಏಳನ್ನೂ ಬರೆದವನು ನಾನೇ. ಕೀಬೋರ್ಡಿನ ಸಂದುಗಳಲ್ಲಿ ಗುಟಕಾ ಪುಡಿ ಕೂತಿತ್ತು, ಬೆರಳಿಡಲು ಹೇಸಿಕೊಂಡು ಕರವಸ್ತ್ರದಿಂದ ಎರಡು ಸಲ ಒರೆಸಿದೆ. ಆದರೂ ಗುಟಕಾಕ್ಕಿಂತ ಆ ಏಳು ಹೆಸರುಗಳನ್ನು ನೋಡಿಯೇ ನನಗೆ ಹೆಚ್ಚು ಹೇಸಿಗೆಯಾಯಿತು.

ಗೋಕಾಕದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಮೊದಲ ಮಹಡಿಯ ಎರಡು ಕೋಣೆಗಳಲ್ಲಿ ನಮ್ಮ ಕೆಲಸ. ಒಂದು ಸಕ್ಕರೆ ಕಾರ್ಖಾನೆಗೆ ಕಬ್ಬಿನ ಪಾಳಿ ಪಟ್ಟಿ ಮಾಡುವ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆವು. ರೈತ ಕಬ್ಬು ನೆಟ್ಟಾಗ ಕಾರ್ಖಾನೆಯ ಫೀಲ್ಡ್‌ಮನ್ ಬಂದು ತಾರೀಖು ಬರೆದುಕೊಳ್ಳುತ್ತಾನೆ. ಕಡಿದ ಮೇಲೆ ಮತ್ತೆ ಚಿಗುರುವ ಕುಳೆ ಕಬ್ಬಾದರೆ ಹಿಂದಿನ ಕಟಾವಿನ ದಿನವೇ ಅದು ಹುಟ್ಟಿದ ದಿನ. ಯಾವ ಹೊಲಕ್ಕೆ ಮೊದಲು ವಯಸ್ಸು ತುಂಬುತ್ತದೋ ಆ ಹೊಲಕ್ಕೆ ಮೊದಲು ಕಟಾವು ಚೀಟಿ. ಚೀಟಿ ಇಲ್ಲದೆ ಕಡಿಯುವ ಗ್ಯಾಂಗು ಹೊಲಕ್ಕೆ ಇಳಿಯುವುದಿಲ್ಲ. ಪಾಳಿ ತಪ್ಪಿದರೆ ಕಬ್ಬು ಹೂ ಬಿಟ್ಟು, ಒಳಗೆ ಬೆಂಡಾಗಿ, ತೂಕ ಕಳೆದುಕೊಳ್ಳುತ್ತದೆ.

ಕಾರ್ಖಾನೆಗೆ ಮೂಡಲಗಿಯಲ್ಲೊಂದು, ಹುಕ್ಕೇರಿಯಲ್ಲೊಂದು ವಿಭಾಗ ಕಚೇರಿ. ಎರಡೂ ಕಡೆಯ ಮಾಹಿತಿ ದಿನಾ ಸಂಜೆ ಗೋಕಾಕದ ನಮ್ಮ ಸರ್ವರಿಗೆ ಬರುತ್ತಿತ್ತು, ಮರುದಿನ ಬೆಳಿಗ್ಗೆ ಅಲ್ಲಿಂದ ಪಾಳಿ ಪಟ್ಟಿ ಹೋಗುತ್ತಿತ್ತು. ಕೇಳಲು ಅಚ್ಚುಕಟ್ಟು. ಒಳಗೆ ನೋಡಿದರೆ ಗಲೀಜು. ಹುಕ್ಕೇರಿ ಕಚೇರಿಯ ಮುಖ್ಯಸ್ಥರಾದ ಸಾಹೇಬರಿಗೆ ಊರುವಾರು ಪಟ್ಟಿ ಬೇಕೆನಿಸಿದರೆ ನಾನು ಅವರಿಗಷ್ಟೇ ಒಂದು ಪ್ರತಿ ತಿದ್ದಿ, ಪೆನ್‌ಡ್ರೈವಿನಲ್ಲಿ ಒಯ್ದು ಹಾಕಿ ಬರುತ್ತಿದ್ದೆ. ಮೂಡಲಗಿಗೆ ಬೇರೆ ತಿದ್ದುಪಡಿ, ಬೇರೆ ಪ್ರತಿ. ಎರಡನ್ನೂ ಕೂಡಿಸಿ ಒಂದು ಮಾಡುವ ಕೆಲಸವನ್ನು ಹಂಗಾಮು ಮುಗಿದ ಮೇಲೆ ಮಾಡೋಣ ಎಂದು ಮೂರು ಹಂಗಾಮು ಕಳೆದಿದ್ದೆವು.

ಆ ವರ್ಷ ಕಾರ್ಖಾನೆಯವರು ಒಂದು ಬದಲಾವಣೆ ಕೇಳಿದರು. ಅಲ್ಲಿಯವರೆಗೆ ಕುಳೆ ಕಬ್ಬಿನ ತಾರೀಖನ್ನು ನಾಟಿಯ ತಾರೀಖಿನ ಜಾಗದಲ್ಲೇ ತುರುಕುತ್ತಿದ್ದೆವು, ಹಳೆಯ ತಾರೀಖು ಅಳಿಸಿಹೋಗುತ್ತಿತ್ತು. ಅವರಿಗೆ ಎರಡೂ ಬೇಕಾಯಿತು. ನಾನು ಕುಳೆಗೆ ಬೇರೆ ಕಾಲಂ ಮಾಡಿ, ಅದನ್ನು ಐದನೆಯ ಆವೃತ್ತಿ ಎಂದು ಕರೆದೆ. ಸರ್ವರಿಗೂ ಹೇಳಿಕೊಟ್ಟೆ: ಬಂದ ಮಾಹಿತಿಯ ಆವೃತ್ತಿ ನಾಲ್ಕಾಗಿದ್ದರೆ ಹಳೆಯ ಜಾಗ ನೋಡು, ಐದಾಗಿದ್ದರೆ ಹೊಸ ಕಾಲಂ ನೋಡು. ಮೊದಲು ಮೂಡಲಗಿಯಲ್ಲಿ ಹಾಕಿದೆವು. ಅಲ್ಲಿನ ಆಪರೇಟರ್ ಹೆಣ್ಣುಮಗಳು ಬಲು ಚೊಕ್ಕ, ತಪ್ಪಿದ್ದರೆ ಅವತ್ತೇ ಫೋನ್ ಮಾಡಿ ಹೇಳುವವಳು. ಹುಕ್ಕೇರಿಗೆ ಹದಿನೈದು ದಿನ ಬಿಟ್ಟು ಹಾಕುವುದೆಂದು ಮಾತಾಗಿತ್ತು.

ನಮ್ಮ ಸಾಫ್ಟ್‌ವೇರ್ ಹೊರಡಿಸುವ ಕಟಾವು ಚೀಟಿಯ ಕೆಳಗೆ ಆವೃತ್ತಿಯ ಸಂಖ್ಯೆ ಅಚ್ಚಾಗುತ್ತಿತ್ತು. ಅದು ಹುಕ್ಕೇರಿಯ ಸಾಹೇಬರ ಕಣ್ಣಿಗೆ ಬಿತ್ತು. ಅವರು ನಮ್ಮ ಕಚೇರಿಗೆ ಬಂದು, ಕುರ್ಚಿ ಎಳೆದು ಕೂತು, ಎರಡೂ ಕಚೇರಿಯ ಒಂದೊಂದು ಚೀಟಿಯನ್ನು ಟೇಬಲ್ ಮೇಲೆ ಇಟ್ಟರು.

“ಮೂಡಲಗಿಯವರದು ಐದು, ನಮ್ಮದು ನಾಲ್ಕಂದ್ರ ಹೆಂಗ್ರಿ? ಅವರು ತಾಲೂಕಾಗಿದ್ದು ನಿನ್ನೆ ಮೊನ್ನೆ. ನಾವೇನು ಅವರಕಿಂತ ಕಡಿಮಿ ಅದೀವೇನ್ರಿ?”

ಹೊಸ ಆವೃತ್ತಿ ಪರೀಕ್ಷೆಯಲ್ಲಿದೆ, ಇನ್ನೆರಡು ವಾರ ತಡೆಯಿರಿ ಎಂದು ನಾನು ಹೇಳಿದೆ. ಅವರು ನಮ್ಮ ಕಂಪನಿಯ ಮಾಲೀಕರ ಮುಖ ನೋಡಿದರು. ಮಾಲೀಕರು ಚಹಾ ತರಿಸಿದರು, ನಾಳೆಯೇ ಆಗುತ್ತದೆ ಎಂದರು. ಸಾಹೇಬರು ಮೆಟ್ಟಿಲಿಳಿದು ಹೋದ ಮೇಲೆ ಮಾಲೀಕರು ನನ್ನನ್ನು ಕರೆದರು.

“ನಂಬರ್ ಅಷ್ಟ ಬದಲ ಮಾಡಿ ಕೊಡೋ. ಒಳಗ ಏನೈತಿ ಅಂತ ಯಾರ ತಗದು ನೋಡ್ತಾರ?”

ನಾನು ಒಲ್ಲೆ ಎನ್ನಬೇಕಿತ್ತು. ಸರ್ವರು ಆ ಸಂಖ್ಯೆಯನ್ನೇ ನಂಬಿ ಕೆಲಸ ಮಾಡುತ್ತದೆ ಎಂದು ಹೇಳಬೇಕಿತ್ತು. ಆ ಹೊತ್ತಿಗೆ ನನಗೆ ಅದು ನೆನಪಾಗಲೇ ಇಲ್ಲ ಎಂದು ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತೇನೆ, ಅರ್ಧ ನಂಬುತ್ತೇನೆ. ಸಾಹೇಬರ ಮೇಲಿನ ಸಿಟ್ಟಿನಲ್ಲಿ, ನಿಮ್ಮ ಐದು ನಿಮಗೇ ಇರಲಿ ಎಂದುಕೊಂಡು, ನಾಲ್ಕನ್ನು ಅಳಿಸಿ ಐದು ಎಂದು ಟೈಪ್ ಮಾಡಿದೆ. ಒಂದೇ ಅಂಕಿ. ಒಳಗೆ ಹಳೆಯ ನಾಲ್ಕೇ ಇತ್ತು. ಸಾಹೇಬರಿಗೆ ಖುಷಿಯಾಯಿತು, ಹೊಸದು ಬಹಳ ಚುರುಕಾಗಿದೆ ಎಂದು ಫೋನ್ ಮಾಡಿ ಹೇಳಿದರು. ಹದಿನೈದು ದಿನ ಕಳೆದರೂ ನಿಜವಾದ ಐದನ್ನು ಅಲ್ಲಿ ಹಾಕುವ ಮಾತನ್ನು ಯಾರೂ ಎತ್ತಲಿಲ್ಲ.

ಸುಮಾರು ಐದು ವಾರದ ಮೇಲೆ ಹತ್ತರಗಿಯಿಂದ ಒಬ್ಬ ಹೆಣ್ಣುಮಗಳು ನಮ್ಮ ಮೆಟ್ಟಿಲು ಹತ್ತಿ ಬಂದರು. ಐವತ್ತರ ಆಸುಪಾಸು, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಚೀಲದಲ್ಲಿ ಫೀಲ್ಡ್‌ಮನ್ ಕೊಟ್ಟ ನೋಂದಣಿ ಚೀಟಿ, ಹೋದ ವರ್ಷದ ಕಟಾವು ಚೀಟಿ, ಎರಡನ್ನೂ ಸೇರಿಸಿ ಟಾಚಣಿ ಚುಚ್ಚಲಾಗಿತ್ತು. ಗಂಡ ತೀರಿದ ಮೇಲೆ ನಾಲ್ಕು ವರ್ಷದಿಂದ ಹೊಲ ತಾವೇ ನೋಡಿಕೊಳ್ಳುತ್ತಿದ್ದೇನೆ ಎಂದರು. ಕುಳೆ ಕಬ್ಬಿಗೆ ಹದಿಮೂರು ತಿಂಗಳಾಗಿ ಹೂ ಬಿಟ್ಟಿತ್ತು. ಹುಕ್ಕೇರಿ ಕಚೇರಿಗೆ ಆರು ಸಲ ಹೋಗಿದ್ದರು. ಆರನೆಯ ಸಲ ಸಾಹೇಬರು, ಕಂಪ್ಯೂಟರ್ ಬರೆದವರು ಗೋಕಾಕದಲ್ಲಿದ್ದಾರೆ, ಅವರನ್ನೇ ಕೇಳು ಎಂದು ಅಟ್ಟಿದ್ದರು.

“ಕಂಪ್ಯೂಟರಿನ್ಯಾಗ ನಿನ್ನ ಹೊಲಾನ ಇಲ್ಲ ಅಂತಾರ. ಹೊಲ ಅಲ್ಲೇ ಐತಿ ತಮ್ಮಾ, ಮುಂಜಾನೆ ನೋಡೇ ಬಂದೇನಿ.”

ಅವರ ಸಂಕಟ ಕಬ್ಬಿನದಷ್ಟೇ ಆಗಿರಲಿಲ್ಲ. ನೋಂದಣಿ ಮಾಡಿಸಲು ಇವಳೇ ಮರೆತಿದ್ದಾಳೆ ಎಂದು ಮೈದುನ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಹೆಣ್ಣಿನ ಕೈಯಲ್ಲಿ ಒಕ್ಕಲುತನ ಕೊಟ್ಟರೆ ಹೀಗೇ ಆಗುವುದು, ಮುಂದಿನ ವರ್ಷದಿಂದ ಆ ಹೊಲ ನಾನೇ ಮಾಡುತ್ತೇನೆ ಎಂದು ಹಿರಿಯರ ಮುಂದೆಯೂ ಹೇಳಿ ಮುಗಿಸಿದ್ದ. ತಾವು ಮರೆತಿಲ್ಲ ಎನ್ನುವುದಕ್ಕೆ ಅವರ ಹತ್ತಿರ ಇದ್ದದ್ದು ಆ ಟಾಚಣಿ ಚುಚ್ಚಿದ ಎರಡು ಚೀಟಿಗಳು.

ನಾನು ಪಾಳಿ ಪಟ್ಟಿ ತೆಗೆದು ಹುಡುಕಿದೆ. ಮೂಡಲಗಿ ವಿಭಾಗದ ಮೇಲವಂಕಿಯಲ್ಲಿ ಅದೇ ವಯಸ್ಸಿನ ಕುಳೆ ಕಬ್ಬೆಲ್ಲ ಕಡಿದು ಹೋಗಿತ್ತು. ಹತ್ತರಗಿಯಲ್ಲಿ ಒಂದು ಕುಳೆಯೂ ಪಟ್ಟಿಯಲ್ಲಿರಲಿಲ್ಲ. ಇಡೀ ಹುಕ್ಕೇರಿ ವಿಭಾಗ ನೋಡಿದೆ. ಹೊಸ ನಾಟಿ ಮಾತ್ರ ಇತ್ತು, ಕುಳೆ ಎನ್ನುವುದೇ ಇಲ್ಲ. ಹುಕ್ಕೇರಿಯಿಂದ ಬಂದ ಮಾಹಿತಿಯ ಆವೃತ್ತಿಯ ಮೇಲೆ ಕಣ್ಣು ಹೋಯಿತು. ಐದು. ನಾನು ಟೈಪ್ ಮಾಡಿದ ಐದು.

ಸರ್ವರು ಐದು ನೋಡಿ ಹೊಸ ಕಾಲಂ ಹುಡುಕಿತ್ತು. ಹುಕ್ಕೇರಿಯಲ್ಲಿ ಆ ಕಾಲಮೇ ಇರಲಿಲ್ಲ, ಹಾಗಾಗಿ ತಾರೀಖು ಖಾಲಿ ಬಂತು. ತಾರೀಖು ಖಾಲಿ ಇದ್ದ ಹೊಲವನ್ನು ಪಟ್ಟಿ ಸದ್ದಿಲ್ಲದೆ ಬಿಟ್ಟುಬಿಡುತ್ತಿತ್ತು. ಮೊದಲು ಹೀಗಾದಾಗ ಪರದೆಯ ಮೇಲೆ ಕೆಂಪು ಎಚ್ಚರಿಕೆ ಬರುತ್ತಿತ್ತು. ಪದೇ ಪದೇ ಬಂದು ಕಿರಿಕಿರಿ ಮಾಡುತ್ತದೆ ಎಂದು ಸಾಹೇಬರು ಹೇಳಿದ್ದಕ್ಕೆ ಹಿಂದಿನ ವರ್ಷ ಅದನ್ನೂ ನಾನೇ ಕಿತ್ತು ಹಾಕಿದ್ದೆ.

ಹಾಗಾದರೆ ಉಳಿದ ರೈತರು ಐದು ವಾರ ಸುಮ್ಮನೆ ಕೂತಿದ್ದರೇ? ಅಂದೇ ಬೈಕ್ ಹತ್ತಿ ಹುಕ್ಕೇರಿಗೆ ಹೋದಾಗ ಅದಕ್ಕೂ ಉತ್ತರ ಸಿಕ್ಕಿತು. ಜೋರು ಮಾಡಿದವರಿಗೆ, ಪರಿಚಯ ಹಿಡಿದು ಬಂದವರಿಗೆ ಸಾಹೇಬರು ಕೈಯಲ್ಲೇ ಚೀಟಿ ಬರೆದುಕೊಟ್ಟಿದ್ದರು. ಉಳಿದವರಿಗೆ, ಕಂಪ್ಯೂಟರಿನಲ್ಲಿ ಬರಲಿ ತಡೀರಿ ಎಂದಿದ್ದರು. ಕಂಪ್ಯೂಟರಿನ ತಪ್ಪು ಅವರಿಗೆ ಗೊತ್ತಿತ್ತು ಎಂದಲ್ಲ, ಅದರಿಂದ ಅನುಕೂಲವಾಗಿತ್ತು. ಅವರು ನನಗೆ ಬಾಳೆಹಣ್ಣು ಕೊಟ್ಟರು. ನಾನು ಟೇಬಲ್ಲಿನ ಮೇಲೆಯೇ ಬಿಟ್ಟು ಎದ್ದೆ.

ಏಳು ಪ್ರತಿಗಳು ಕಂಡದ್ದು ಆವಾಗ. ನಿಜವಾದ ಐದನ್ನು ಹಾಕಿದರೆ ಮುಗಿಯಿತು ಎಂದುಕೊಂಡು, ಪೆನ್‌ಡ್ರೈವಿನಲ್ಲಿ ತಂದಿದ್ದ ಮೂಡಲಗಿಯ ಪ್ರತಿಯನ್ನು ಹಾಕಿದೆ. ಅದು ತೆರೆದ ಕೂಡಲೇ ಕುಳೆಯ ತಾರೀಖುಗಳನ್ನು ಹಳೆಯ ಜಾಗದಿಂದ ಎತ್ತಿ ಹೊಸ ಕಾಲಂಗೆ ಸರಿಸಿತು. ಮಾಹಿತಿಯನ್ನು ಆಗಲೇ ಸರ್ವರಿಗೆ ಕಳಿಸಿ ನೋಡಿದೆ, ಪಟ್ಟಿಯಲ್ಲಿ ಹತ್ತರಗಿಯ ಹೆಸರುಗಳು ಕಂಡವು. ಬೇರೆ ಪ್ರತಿಗಳನ್ನು ಅಳಿಸಲು ಹೋದಾಗ ಸಾಹೇಬರು, ಇರಲಿ ಬಿಡ್ರಿ, ಬೇಕಾಗಬಹುದು ಎಂದರು. ನನಗೂ ಮನೆಗೆ ಹೋಗುವ ಅವಸರವಿತ್ತು, ಬಿಟ್ಟೆ.

ಮರುದಿನ ಬೆಳಿಗ್ಗೆ ಸಾಹೇಬರಿಗೆ ತಮ್ಮ ಊರುವಾರು ಪಟ್ಟಿ ಬೇಕಾಯಿತು. ಮೂಡಲಗಿಯ ಪ್ರತಿಯಲ್ಲಿ ಅದಿರಲಿಲ್ಲ. ತಮ್ಮ ಕಚೇರಿಯ ಆಪರೇಟರಿಗೆ ಹೇಳಿ ‘ಸಾಹೇಬರದು ಎರಡು’ ತೆರೆಸಿದರು. ಆ ಹಳೆಯ ಪ್ರತಿಯೂ ಅದೇ ಮಾಹಿತಿಯನ್ನು ತೆರೆಯುತ್ತದೆ, ಆದರೆ ಅದಕ್ಕೆ ಹೊಸ ಕಾಲಂ ಗೊತ್ತಿಲ್ಲ. ತನ್ನ ಜಾಗ ಖಾಲಿ ಇರುವುದನ್ನು ಕಂಡು ಅದು ಎಲ್ಲದಕ್ಕೂ ಅವತ್ತಿನ ತಾರೀಖನ್ನೇ ತುಂಬಿತು. ಮಧ್ಯಾಹ್ನ ಮತ್ತೆ ಹೊಸದನ್ನು ತೆರೆದರು. ಹೊಸದು ಆ ಸುಳ್ಳು ತಾರೀಖುಗಳನ್ನು ಎತ್ತಿ ಸರಿಯಾದವುಗಳ ಮೇಲೆ ಬರೆಯಿತು. ಸಂಜೆ ಸರ್ವರಿಗೆ ಬಂದ ಮಾಹಿತಿಯ ಪ್ರಕಾರ ಹುಕ್ಕೇರಿ ವಿಭಾಗದ ಕುಳೆ ಕಬ್ಬೆಲ್ಲ ಅವತ್ತು ಬೆಳಿಗ್ಗೆ ಹುಟ್ಟಿತ್ತು. ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗೆ.

ಕೆಲಸ ಶುರು ಮಾಡುವ ಮುಂಚೆ ಹಳೆಯ ಮಾಹಿತಿಯನ್ನು ಬೇರೆ ಕಡೆ ಎತ್ತಿಡುವುದು ಈ ಕಸುಬಿನ ಮೊದಲ ಪಾಠ. ನಾನು ಎತ್ತಿಟ್ಟಿರಲಿಲ್ಲ, ಸರ್ವರೂ ದಿನಾ ಹಳೆಯದರ ಮೇಲೆಯೇ ಹೊಸದನ್ನು ಬರೆಯುತ್ತಿತ್ತು. ಸಾಹೇಬರನ್ನು ಮನಸ್ಸಿನಲ್ಲೇ ಬೈಯುವ ಭರದಲ್ಲಿ ಮರೆತಿದ್ದೆ. ಅಂದು ನನ್ನ ಮೇಲೆ ನನಗೇ ಹೇಸಿಗೆ ಹುಟ್ಟಿತು.

ಉಳಿದದ್ದು ಒಂದೇ ದಾರಿ. ಹೋದ ವರ್ಷದ ಕಟಾವು ಚೀಟಿಗಳ ಗಂಟುಗಳನ್ನು ಬಿಚ್ಚಿ, ಒಂದೊಂದೇ ತಾರೀಖನ್ನು ಮತ್ತೆ ಬರೆಯುವುದು. ಗಂಟುಗಳು ಹುಕ್ಕೇರಿ ಕಚೇರಿಯ ಹಿಂದಿನ ಕೋಣೆಯಲ್ಲಿ, ಗೊಬ್ಬರದ ಖಾಲಿ ಚೀಲಗಳ ಕೆಳಗಿದ್ದವು. ಇಲಿ ಹಿಕ್ಕೆ, ಮುಗ್ಗಲು ನಾತ. ಮೂಡಲಗಿಯ ಆಪರೇಟರ್ ವಿಷಯ ಕೇಳಿ, ರಜೆ ಹಾಕಿ, ಬಸ್ಸು ಬದಲಿಸಿ ಬಂದಳು. ಯಾರೂ ಕರೆದಿರಲಿಲ್ಲ. ಅವಳು ಓದುವುದು, ನಾನು ಟೈಪ್ ಮಾಡುವುದು. ಮೂರು ದಿನ ಹಿಡಿಯಿತು. ಹತ್ತರಗಿಯ ಆ ಹೆಣ್ಣುಮಗಳ ಚೀಟಿಯನ್ನು ಗಂಟಿನಲ್ಲಿ ಹುಡುಕಬೇಕಾಗಲಿಲ್ಲ, ಅವರು ತಮ್ಮ ಚೀಟಿಯ ಜೆರಾಕ್ಸನ್ನು ನನ್ನ ಕೈಯಲ್ಲೇ ಕೊಟ್ಟು ಹೋಗಿದ್ದರು.

ಆ ಕೋಣೆಯಲ್ಲಿ ಕೂತೇ ಮುಂದಿನದು ತೀರ್ಮಾನವಾಯಿತು. ಒಂದೇ ಕೋಡು, ಒಂದೇ ಪ್ರತಿ. ಪ್ರತಿ ಬದಲಾವಣೆಯನ್ನೂ ಯಾರು, ಯಾವಾಗ, ಯಾಕೆ ಮಾಡಿದರೆಂದು ನೆನಪಿಡುವ ಗಿಟ್‌ನಲ್ಲಿ ಅದು ಇರಬೇಕು. ಊರುವಾರು ಪಟ್ಟಿಯಂಥ ಕಚೇರಿಗೊಂದು ಬಯಕೆಗಳನ್ನು ಸೆಟ್ಟಿಂಗಿನಲ್ಲಿ ಇಡುವುದು, ಅದಕ್ಕಾಗಿ ಇನ್ನೊಂದು ಪ್ರತಿ ಹೆರುವುದಲ್ಲ. ಇಷ್ಟರಲ್ಲಿ ನನಗೆ ಸಂಶಯವಿರಲಿಲ್ಲ. ಸಂಶಯ ಇದ್ದದ್ದು ಆವೃತ್ತಿಗೆ ಏನೆಂದು ಕರೆಯುವುದು ಎನ್ನುವಲ್ಲಿ.

ನಮ್ಮ ಕಸುಬಿನಲ್ಲಿ ಹೆಚ್ಚಿನವರು ಮೂರು ಅಂಕಿಗಳ ಪದ್ಧತಿ ಹಿಡಿಯುತ್ತಾರೆ. ಹಳೆಯದರ ಜೊತೆ ಹೊಂದದಷ್ಟು ದೊಡ್ಡ ಬದಲಾವಣೆಗೆ ಮೊದಲ ಅಂಕಿ ಏರುತ್ತದೆ, ಹೊಸ ಸೌಲಭ್ಯಕ್ಕೆ ಎರಡನೆಯದು, ಬರೀ ತಪ್ಪು ತಿದ್ದಿದರೆ ಮೂರನೆಯದು. ಅಂಕಿ ನೋಡಿದರೆ ಸಾಕು, ಹಾಕಿಕೊಳ್ಳುವುದು ಎಷ್ಟು ಅಪಾಯ ಎಂದು ತಿಳಿಯುತ್ತದೆ. ನನಗೆ ಅದೇ ಇಷ್ಟ. ಆಪರೇಟರಿಗೆ ವಿವರಿಸಿದೆ. ಅವಳು ಚೀಟಿಯ ಧೂಳು ಜಾಡಿಸುತ್ತಲೇ ಕೇಳಿಸಿಕೊಂಡಳು.

“ಸರ್, ಒಂದು ನಂಬರಿಗೇ ಇಷ್ಟು ಆತು. ಮೂರು ಕೊಟ್ರ ಮೂರಕ್ಕೂ ಜಗಳಾ ತಗೀತಾರ. ತಾರೀಖ ಹಾಕಿಬಿಡ್ರಿ. ನಿಮ್ಮ ತಾರೀಖ ನಮ್ಮಕಿಂತ ದೊಡ್ಡದು ಅಂತ ಯಾರ ಬರ್ತಾರ ನೋಡೂಣು.”

ಮೊದಲು ನನಗೆ ಅದು ತಮಾಷೆಯಂತೆ ಕಂಡಿತು. ಸಂಜೆಯ ಹೊತ್ತಿಗೆ ಅವಳದೇ ಸರಿ ಎನಿಸಿತು. ನಮ್ಮ ಸಾಫ್ಟ್‌ವೇರನ್ನು ಬಳಸುವವರಿಗೆ ಹೊಂದಾಣಿಕೆಯ ಲೆಕ್ಕ ಬೇಕಾಗಿಲ್ಲ. ಇದು ಹೊಸದೋ ಹಳೆಯದೋ, ಎರಡೂ ಕಚೇರಿಯಲ್ಲಿ ಒಂದೇ ಇದೆಯೋ ಎಂದು ತಿಳಿದರೆ ಸಾಕು. ಹಾಗಾಗಿ ಜನ ನೋಡುವ ಆವೃತ್ತಿಗೆ ವರ್ಷ, ತಿಂಗಳು, ದಿನ. ಅದನ್ನು ಯಾರೂ ಟೈಪ್ ಮಾಡುವಂತಿಲ್ಲ; ಕೋಡು ಸಿದ್ಧವಾಗುವಾಗ ಯಂತ್ರವೇ ಗಿಟ್‌ನಿಂದ ತಾರೀಖು ತೆಗೆದು ಒಳಗೆ ಬರೆಯಬೇಕು. ಮಾಹಿತಿಯ ರಚನೆಗೆ ಬೇರೆಯೇ ಒಂದು ಸಂಖ್ಯೆ, ಅದು ಪರದೆಯ ಮೇಲೂ ಚೀಟಿಯ ಮೇಲೂ ಕಾಣದು. ಸರ್ವರು ಆ ಸಂಖ್ಯೆಯನ್ನೂ ಕಣ್ಣು ಮುಚ್ಚಿ ನಂಬದೆ, ಬೇಕಾದ ಕಾಲಂ ನಿಜವಾಗಿ ಇದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಮಾಹಿತಿಯನ್ನೇ ತೆಗೆದುಕೊಳ್ಳಬಾರದು. ಕೆಂಪು ಎಚ್ಚರಿಕೆ ಮರಳಿ ಬರಬೇಕು, ಯಾರಿಗೆ ಎಷ್ಟೇ ಕಿರಿಕಿರಿಯಾಗಲಿ.

ಮಾಲೀಕರು ಇದಕ್ಕೆಲ್ಲ ಸುಲಭವಾಗಿ ಒಪ್ಪಿದರು. ತಾರೀಖು ಹಾಕಿದರೆ ಸಾಫ್ಟ್‌ವೇರ್ ಹಳೆಯದಾದದ್ದು ಎಲ್ಲರಿಗೂ ಕಾಣುತ್ತದಲ್ಲ ಎಂದು ಸ್ವಲ್ಪ ಗೊಣಗಿದರು, ಅಷ್ಟೇ. ಅವರು ತಡೆದದ್ದು ಕೊನೆಯ ಒಂದು ಹಾಳೆಯನ್ನು. ಪ್ರತಿ ಆವೃತ್ತಿಯ ಜೊತೆ ಏನು ಬದಲಾಯಿತು ಎಂಬ ಟಿಪ್ಪಣಿ ಕೊಡಬೇಕೆಂದು ನಾನು ನಿಯಮ ಮಾಡಿದ್ದೆ. ಮೊದಲ ಟಿಪ್ಪಣಿಯಲ್ಲಿ, ಒಳಗೆ ಏನೂ ಬದಲಿಸದೆ ಹುಕ್ಕೇರಿಯ ಪ್ರತಿಗೆ ಐದು ಎಂದು ಹೆಸರಿಟ್ಟದ್ದರಿಂದ ಕುಳೆ ಕಬ್ಬು ಪಟ್ಟಿಯಿಂದ ಬಿಟ್ಟುಹೋಗಿತ್ತು ಎಂದು ಬರೆದಿದ್ದೆ.

“ಸಣ್ಣಪುಟ್ಟ ಸುಧಾರಣಾ ಅಂತ ಬರಿಯೋ, ಮುಗೀತು. ಸಾಹೇಬರ ಮಾನಾ ಯಾಕ ಕಳೀತಿ?”

ಹೀಗೆ ಬರೆಯದಿದ್ದರೆ ಹೊಸ ಆವೃತ್ತಿಯನ್ನು ನಾನು ಹೊರಬಿಡುವುದಿಲ್ಲ, ಬೇಕಾದರೆ ನೀವೇ ಬಿಡಿ ಎಂದೆ. ಅವರಿಗೆ ಬಿಡಲು ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಒಂದು ತಾಸು ಎಳೆದಾಡಿ ರಾಜಿಗೆ ಬಂದೆವು. ಏನಾಯಿತು ಎಂಬುದು ಇರಲಿ, ಯಾರು ಮಾಡಿದರು, ಯಾರಿಗೆ ಆಯಿತು ಎಂಬುದು ಬೇಡ. ಗೆದ್ದೆ ಎಂದುಕೊಂಡು ಮನೆಗೆ ಹೋದೆ. ಹುಕ್ಕೇರಿಯ ಏಳೂ ಪ್ರತಿಗಳನ್ನು ನಾನೇ ಕೂತು ಅಳಿಸಿ ಬಂದಿದ್ದೆ. ಎರಡೂ ಕಚೇರಿಗಳಲ್ಲಿ ಒಂದೇ ದಿನ ಒಂದೇ ತಾರೀಖಿನ ಆವೃತ್ತಿ ಶುರುವಾಯಿತು. ನಮ್ಮಲ್ಲೇ ಅಲ್ಲವೇ ಮೊದಲು ಹಾಕಿದ್ದು ಎಂದು ಸಾಹೇಬರು ಫೋನಿನಲ್ಲಿ ಕೇಳಿದರು. ನಾನು ಫೋನ್ ಇಟ್ಟೆ.

ಹತ್ತರಗಿಯ ಹೊಲಕ್ಕೆ ಚೀಟಿ ಹೋಯಿತು. ಆದರೆ ಆ ಕಡೆಯ ಗ್ಯಾಂಗುಗಳು ಅಷ್ಟೊತ್ತಿಗೆ ಬೇರೆ ಊರಿಗೆ ಸರಿದಿದ್ದವು, ಮತ್ತೆ ಬಂದು ಇಳಿಯಲು ಹನ್ನೊಂದು ದಿನ ಹಿಡಿಯಿತು. ಆ ಹನ್ನೊಂದು ದಿನವೂ ನಾನು ಬೆಳಿಗ್ಗೆ ಎದ್ದ ಕೂಡಲೇ ಪಟ್ಟಿಯಲ್ಲಿ ಆ ಒಂದು ಸಾಲನ್ನು ನೋಡುತ್ತಿದ್ದೆ. ಕೊನೆಗೆ ‘ಕಟಾವು ಆಗಿದೆ’ ಎಂದು ಬಂತು.

ಮುಂದಿನ ವಾರ ಗೋಕಾಕದ ಸಂತೆಗೆ ಬಂದ ಹತ್ತರಗಿಯ ಹೆಣ್ಣುಮಗಳು ನಮ್ಮ ಮೆಟ್ಟಿಲು ಹತ್ತಿದರು. ಕಬ್ಬು ಅರ್ಧಕ್ಕರ್ಧ ಬೆಂಡಾಗಿತ್ತು ಎಂದು ಹೇಳಿದರು, ದೂರಿನ ದನಿಯಲ್ಲಲ್ಲ. ಅವರಿಗೆ ಬೇಕಾದದ್ದು ಒಂದು ಕಾಗದ. ಬರುವ ಸೋಮವಾರ ಮನೆಯಲ್ಲಿ ಹಿರಿಯರು ಕೂಡುತ್ತಾರೆ, ಹೊಲ ಯಾರು ಮಾಡುವುದೆಂದು ಅವತ್ತು ತೀರುತ್ತದೆ. ತಪ್ಪು ಎಲ್ಲಾಯಿತು ಎಂದು ಬರೆದದ್ದು ಏನಾದರೂ ಇದ್ದರೆ ಕೊಡಿ ಎಂದರು.

ನನಗೆ ಒಂದು ರೀತಿಯ ಹೆಮ್ಮೆಯೇ ಆಯಿತು. ಜಗಳವಾಡಿ ಬರೆದ ಟಿಪ್ಪಣಿಯನ್ನು ಅಚ್ಚು ಹಾಕಿ ಅವರ ಕೈಗಿಟ್ಟೆ. ಅವರು ಕನ್ನಡಕ ಹಾಕಿಕೊಂಡು, ಬೆರಳು ಹಿಡಿದು, ಸಾಲು ಸಾಲಾಗಿ ಓದಿದರು. ಹಾಳೆ ತಿರುಗಿಸಿ ಹಿಂದೆಯೂ ನೋಡಿದರು. ಹಿಂದೆ ಖಾಲಿ ಇತ್ತು.

“ನನ್ನ ಹೆಸರು ಇದರಾಗ ಎಲ್ಲೈತಿ ತಮ್ಮಾ?”

ಇದು ಸಾಫ್ಟ್‌ವೇರಿನ ಟಿಪ್ಪಣಿ, ಇದರಲ್ಲಿ ಯಾರ ಹೆಸರೂ ಬರೆಯುವ ಪದ್ಧತಿ ಇಲ್ಲ ಎಂದು ಹೇಳಿದೆ. ಹೇಳುತ್ತಿರುವಾಗಲೇ ಆ ಮಾತು ಬಾಯಲ್ಲಿ ಹೊಲಸೆನಿಸಿತು.

“ಪಟ್ಟ್ಯಾಗೂ ನಾ ಇರಲಿಲ್ಲ. ತಪ್ಪಾತು ಅಂತ ಬರದ ಹಾಳ್ಯಾಗೂ ನಾ ಇಲ್ಲ. ತಪ್ಪು ಮಾಡಿದವರೂ ಇಲ್ಲ. ಇದನ್ನ ಒಯ್ದು ಮೈದುನಗ ಏನಂತ ತೋರಸ್ಲಿ?”

ಮಾಲೀಕರು ಪಕ್ಕದ ಕೋಣೆಯಿಂದ ಕೆಮ್ಮಿದರು. ನಾನು ಹಾಳೆಯನ್ನು ಇಸಿದುಕೊಂಡು, ಆ ಖಾಲಿ ಬೆನ್ನಿನ ಮೇಲೆ ಪೆನ್ನಿನಿಂದ ಬರೆದೆ. ಅವರ ಹೆಸರು, ಊರು, ಹೊಲದ ಸರ್ವೆ ನಂಬರು. ಇವರು ಸಕಾಲಕ್ಕೆ ನೋಂದಣಿ ಮಾಡಿಸಿದ್ದರು ಎಂದು. ನಾಲ್ಕು ಇದ್ದಲ್ಲಿ ಐದು ಎಂದು ಬರೆದವನು ನಾನು, ಅದರಿಂದ ಇವರ ಹೊಲ ಪಟ್ಟಿಯಿಂದ ಬಿಟ್ಟುಹೋಯಿತು ಎಂದು. ಕೆಳಗೆ ನನ್ನ ಪೂರ್ತಿ ಹೆಸರು, ಸಹಿ. ಐದು ಸಾಲೂ ಆಗಲಿಲ್ಲ.

ಅವರು ಅದನ್ನೂ ಬೆರಳು ಹಿಡಿದು ಓದಿದರು, ಟಾಚಣಿ ಚುಚ್ಚಿದ ಚೀಟಿಗಳ ಜೊತೆ ಚೀಲದಲ್ಲಿಟ್ಟರು. ಹೊಸ್ತಿಲ ಹತ್ತಿರ ಹೋಗಿ ಚಪ್ಪಲಿ ಮೆಟ್ಟಿದವರು ಒಮ್ಮೆ ತಿರುಗಿ ನೋಡಿದರು.

“ಇಷ್ಟ ಬರಿಯಾಕ ಇಷ್ಟು ದಿನಾ ಬೇಕಾತೇನು ತಮ್ಮಾ?”